ನಾಡಿನ ಹೆಸರು ಹೊತ್ತ ಕಂಠ: ಬೀಳಗಿಯ ಅಮೀರಬಾಯಿ ಕರ್ನಾಟಕಿ

ಮಾವಿನ ತೋಪಿನಲ್ಲಿ ಕೋಗಿಲೆ ಕೂಗಿದರೆ ದಾರಿಹೋಕನು ಒಂದು ಗಳಿಗೆ ನಿಂತು ಕೇಳುತ್ತಾನೆ. ಕೇಳಿ ಸಂತೋಷಪಟ್ಟು ತನ್ನ ದಾರಿ ಹಿಡಿಯುತ್ತಾನೆ. ಆ ಹಕ್ಕಿ ಯಾವ ಗೂಡಿನಲ್ಲಿ ಕಣ್ಣು ತೆರೆಯಿತು, ಯಾವ ಬಿಸಿಲಿನಲ್ಲಿ ರೆಕ್ಕೆ ಬಲಿಯಿತು ಎಂಬ ವಿಚಾರ ಅವನಿಗೆ ಬೇಕಿಲ್ಲ. ಕಲಾವಿದರ ಪಾಡೂ ಬಹುಮಟ್ಟಿಗೆ ಇದೇ. ಅವರ ಕಲೆ ಲೋಕಕ್ಕೆ ಬೇಕು. ಅವರ ಬಾಳು ಬೇಡ. ಅದರಲ್ಲೂ ಕಲಾವಿದೆ ಹೆಣ್ಣಾಗಿದ್ದರೆ, ಅವಳ ಹಾಡನ್ನು ಮೆಚ್ಚಿದ ಜನರೇ ಅವಳ ಹೆಸರು ಬಂದೊಡನೆ ದನಿ ತಗ್ಗಿಸುತ್ತಾರೆ. ಇಂಥ ಒಬ್ಬ ಮಹಾಗಾಯಕಿ ನಮ್ಮ ನೆರೆಯ ಬೀಳಗಿಯಲ್ಲಿ ಹುಟ್ಟಿ, ಇಡೀ ಭರತಖಂಡವನ್ನು ತನ್ನ ಕಂಠದಿಂದ ತುಂಬಿ, ನಮ್ಮ ನೆನಪಿನಿಂದ ಮೆಲ್ಲಗೆ ಮರೆಯಾದರು. ಅವರೇ ಅಮೀರಬಾಯಿ ಕರ್ನಾಟಕಿ. ಅವರ ಜೀವನವನ್ನು ನನ್ನ ಅಲ್ಪಮತಿಗೆ ತಿಳಿದಷ್ಟು ಇಲ್ಲಿ ಹೇಳಬಯಸುತ್ತೇನೆ.

ಮೊದಲು, ಈ ಹೆಸರು ನನ್ನ ಕಿವಿಗೆ ಬಿದ್ದ ಬಗೆಯನ್ನು ಹೇಳಬೇಕು. ನಾನು ರಬಕವಿಯ ನೇಕಾರರ ಮನೆಯ ಮಗಳು. ನಮ್ಮ ಮನೆಯಲ್ಲಿ ಪುಸ್ತಕಗಳಿರಲಿಲ್ಲ. ನೂಲಿತ್ತು, ಮಗ್ಗವಿತ್ತು, ಅಜ್ಜನದೊಂದು ಟ್ರಾನ್ಸಿಸ್ಟರ್ ಇತ್ತು. ಪಾವರ್‌ಲೂಮು ಶುರುವಾಯಿತೆಂದರೆ ಅದರ ಖಟಖಟದಲ್ಲಿ ಎದುರಿಗೆ ನಿಂತವರ ಮಾತೂ ಕೇಳದು. ಆದುದರಿಂದ ಅಜ್ಜ ಬೆಳಿಗ್ಗೆ ಮಗ್ಗ ಹಚ್ಚುವ ಮೊದಲು, ಚಹಾದ ಬಟ್ಟಲನ್ನು ಮುಂದಿಟ್ಟುಕೊಂಡು, ವಿವಿಧಭಾರತಿಯ ಹಳೆಯ ಹಾಡುಗಳನ್ನು ಕೇಳುತ್ತಿದ್ದ. ಅವನಿಗೆ ಹಿಂದಿ ಬಾರದು. ಆದರೆ ಒಂದು ದನಿ ಬಂದರೆ ಕೈಯಲ್ಲಿಯ ಕಂಡಿಕೆ ಕೈಯಲ್ಲಿಯೇ ಉಳಿಯುತ್ತಿತ್ತು. ಈಕೆ ನಮ್ಮ ಬೀಳಗಿಯವಳು ಎಂದು ಪ್ರತಿ ಸಲವೂ ಹೇಳುತ್ತಿದ್ದ. ನಮಗೆ ಗೊತ್ತಿದೆಯೆಂದು ಗೊತ್ತಿದ್ದರೂ ಹೇಳುತ್ತಿದ್ದ. ಅಕ್ಷರ ಕಲಿಯದ ಆ ಮುದುಕನ ಮುಖದಲ್ಲಿ ಆಗ ಕಾಣುತ್ತಿದ್ದ ಹೆಮ್ಮೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಜ್ಜ ತೀರಿಕೊಂಡ. ನಾನು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ಮೊದಲಿಗಳಾದೆ. ಕಳೆದ ವರ್ಷದ ಸ್ನೇಹ ಸಮ್ಮೇಳನದಲ್ಲಿ ಗೆಳತಿಯರ ಒತ್ತಾಯಕ್ಕೆ ಒಂದು ಹಾಡು ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಆದರೆ ಸುದ್ದಿ ನನಗಿಂತ ಮೊದಲೇ ಓಣಿಯನ್ನು ಮುಟ್ಟಿತ್ತು. ಬಳಗದ ಹಿರಿಯರೊಬ್ಬರು ಮನೆಗೆ ಬಂದು, ಹುಡುಗಿಯನ್ನು ಓದಲಿಕ್ಕೆ ಕಳಿಸಿದ್ದೀರೋ ನಾಟಕದ ಕಂಪನಿಗೆ ಕಳಿಸಿದ್ದೀರೋ ಎಂದು ತಂದೆಯವರನ್ನು ಕೇಳಿದರು. ತಂದೆಯವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಇನ್ನು ಮುಂದೆ ಹಾಡುವುದು ಬೇಡ ಎಂದಷ್ಟೇ ಹೇಳಿ ಮಗ್ಗಕ್ಕೆ ಹೋದರು. ಅವ್ವ ಒಳಗೆ ಕಂಡಿಕೆ ಸುತ್ತುತ್ತ ಸುಮ್ಮನಿದ್ದಳು. ಆ ರಾತ್ರಿ ನನಗೆ ಅಜ್ಜನ ನೆನಪಾಯಿತು. ಒಂದೇ ಮನೆಯಲ್ಲಿ ಬೀಳಗಿಯ ಹೆಣ್ಣುಮಗಳು ಹಾಡಿದರೆ ಹೆಮ್ಮೆ, ಮನೆಯ ಹೆಣ್ಣುಮಗಳು ಹಾಡಿದರೆ ನಾಚಿಕೆ, ಇದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಅಮೀರಬಾಯಿಯವರ ಬಾಳನ್ನು ಓದತೊಡಗಿದೆ. ಕನ್ನಡದ ವಿದ್ವಾಂಸರಾದ ರಹಮತ್ ತರೀಕೆರೆಯವರು ಅವರ ಮೇಲೆ ಒಂದು ಗ್ರಂಥವನ್ನೇ ಬರೆದಿದ್ದಾರೆಂಬುದು ಆಗ ತಿಳಿದುಬಂತು.

ಅಮೀರಬಾಯಿಯವರು ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಅಂದಿನ ನಮ್ಮ ಸೀಮೆಯನ್ನು ವಾಚಕರು ಒಂದಿಷ್ಟು ಕಲ್ಪಿಸಿಕೊಳ್ಳಬೇಕು. ಜಮಖಂಡಿಯಲ್ಲಿ ಪಟವರ್ಧನರು ಆಳುತ್ತಿದ್ದರು, ಮುಧೋಳದಲ್ಲಿ ಘೋರ್ಪಡೆಯವರು. ನಮ್ಮ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯಾದರೋ ಇಂಗ್ಲಿಷರ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಒಂದು ಬಸ್ಸಿನಲ್ಲಿ ಕುಳಿತು ಮಧ್ಯಾಹ್ನದೊಳಗೆ ಸುತ್ತಿ ಬರಬಹುದಾದ ಊರುಗಳು ಅಂದು ಮೂರು ನಾಲ್ಕು ದೊರೆತನಗಳಲ್ಲಿ ಹಂಚಿಹೋಗಿದ್ದವು. ಕಚೇರಿಯ ಭಾಷೆ ಮರಾಠಿ ಅಥವಾ ಇಂಗ್ಲಿಷು. ಮನೆಯ ಭಾಷೆ ಕನ್ನಡ. ಆದರೆ ಹಾಡಿಗೆ ಯಾವ ಗಡಿಯೂ ಇರಲಿಲ್ಲ. ಶ್ರೀಕೃಷ್ಣ ಪಾರಿಜಾತದ ಮೇಳಗಳು, ಮೊಹರಮ್ಮಿನ ರಿವಾಯತ ಪದಗಳು, ಭಜನೆಗಳು, ಬೇಸಿಗೆಯಲ್ಲಿ ಬಂದು ತಗಡಿನ ಥೇಟರು ಹಾಕುವ ನಾಟಕ ಕಂಪನಿಗಳು ಇವೆಲ್ಲ ಊರಿಂದೂರಿಗೆ ನಡೆಯುತ್ತಿದ್ದವು. ಮರಾಠಿ ರಂಗಗೀತೆಯನ್ನು ಕನ್ನಡಿಗನು, ಕನ್ನಡದ ತತ್ವಪದವನ್ನು ಮುಸಲ್ಮಾನನು ಹಾಡುವುದು ಇಲ್ಲಿ ದಿನದ ಮಾತಾಗಿತ್ತು.

ಇಂಥ ನೆಲದಲ್ಲಿ ಹುಸೇನಸಾಬ ಮತ್ತು ಅಮೀನಾಬಿ ಎಂಬ ದಂಪತಿಗಳ ಮಗಳಾಗಿ ಅಮೀರಬಾಯಿಯವರು ಜನಿಸಿದರು. ಹಾಡು, ತಾಳ, ನಾಟಕ ಇವೇ ಆ ಮನೆಯ ಆಸ್ತಿ. ಅಕ್ಕ ಗೋಹರಬಾಯಿ ಮೊದಲು ರಂಗಭೂಮಿಗೆ ಇಳಿದರು. ಆ ಕಾಲದಲ್ಲಿ ಹೆಣ್ಣು ರಂಗವೇರುವುದೆಂದರೆ ಏನು ಎಂಬುದನ್ನು ಇಂದಿನವರಾದ ನಾವು ಊಹಿಸುವುದು ಕಠಿಣ. 1913ರಲ್ಲಿ ಫಾಲ್ಕೆಯವರು ರಾಜಾ ಹರಿಶ್ಚಂದ್ರ ಮೂಕಚಿತ್ರವನ್ನು ತೆಗೆದಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಣ್ಣೂ ಸಿಕ್ಕದೆ, ಸಾಳುಂಕೆಯೆಂಬ ತರುಣನಿಗೆ ಸೀರೆ ಉಡಿಸಬೇಕಾಯಿತು. ಮರಾಠಿ ರಂಗಭೂಮಿಯಲ್ಲಿ ನಾರಾಯಣ ಶ್ರೀಪಾದ ರಾಜಹಂಸರು, ಅರ್ಥಾತ್ ಬಾಲಗಂಧರ್ವರು, ಸ್ತ್ರೀಪಾತ್ರಗಳಿಂದಲೇ ದೇವತೆಯಂತೆ ಪೂಜೆಗೊಂಡರು. ಅವರು ಉಟ್ಟ ಸೀರೆಯ ಬಗೆಯನ್ನೂ ಮುಡಿದ ಹೂವಿನ ಬಗೆಯನ್ನೂ ಸಭ್ಯಮನೆತನದ ಹೆಂಗಸರು ಅನುಕರಿಸುತ್ತಿದ್ದರು. ಗಂಡಸು ಹೆಣ್ಣಾಗಿ ಹಾಡಿದರೆ ಕಲೆ. ಹೆಣ್ಣೇ ಹೆಣ್ಣಾಗಿ ಹಾಡಿದರೆ ಕಳಂಕ. ಆ ದಿನಗಳ ನ್ಯಾಯ ಹೀಗಿತ್ತು.

ಗೋಹರಬಾಯಿಯವರು ಬಾಲಗಂಧರ್ವರ ರಂಗಗೀತೆಗಳನ್ನು ಅವರಂತೆಯೇ ಹಾಡಿ ಹೆಸರಾದರು. ಮುಂದೆ ಅವರ ನಾಟಕ ಮಂಡಳಿಯನ್ನೇ ಸೇರಿ ಸ್ತ್ರೀಪಾತ್ರಗಳನ್ನು ವಹಿಸಿದರು. ಕೊನೆಗೆ ಅವರನ್ನು ಮದುವೆಯೂ ಆದರು. ಇದಕ್ಕಾಗಿ ಮರಾಠಿ ರಸಿಕರಿಂದ ಅವರು ಕೇಳಿದ ನಿಂದೆಯ ಮಾತುಗಳಿಗೆ ಲೆಕ್ಕವಿಲ್ಲ. ಬಾಲಗಂಧರ್ವರ ಇಳಿಗಾಲದ ಕಷ್ಟಗಳ ಹೊರೆಯೆಲ್ಲವನ್ನೂ ಜನರು ಬೀಳಗಿಯ ಈ ಹೆಣ್ಣುಮಗಳ ತಲೆಯ ಮೇಲೆ ಹೊರಿಸಿದರು. ಕಷ್ಟಕಾಲದಲ್ಲಿ ಅವರ ಜೊತೆಗಿದ್ದವಳು ಇವಳೇ ಎಂಬುದನ್ನು ಮರೆತರು.

ಅಕ್ಕನ ಹಿಂದೆ ತಂಗಿಯೂ ಮುಂಬಯಿಗೆ ಹೊರಟರು. ಆಗ ಅಮೀರಬಾಯಿಯವರಿಗೆ ಎಳೆಯ ವಯಸ್ಸು. ಶಾಲೆಯ ಓದೂ ಆಗಿತ್ತೆಂಬುದನ್ನು ಗಮನಿಸಬೇಕು. ಹಾಡುವವರು ಓದಿದವರಲ್ಲ ಎಂಬ ಮಾತು ಅವರ ವಿಷಯದಲ್ಲಿ ಸುಳ್ಳು. 1931ರಲ್ಲಿ ಆಲಂ ಆರಾ ಎಂಬ ಮೊದಲ ಬೋಲಪಟ ಬಂದು ಚಿತ್ರಗಳಿಗೆ ಬಾಯಿ ಬಂದಿತ್ತು. ಮುಖವೂ ಬೇಕು, ಕಂಠವೂ ಬೇಕು. ಯಾರು ನಟಿಸುವರೋ ಅವರೇ ಹಾಡಬೇಕು. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಕಾಲಿಟ್ಟಿರಲಿಲ್ಲ. ಇಂಥ ಸಮಯದಲ್ಲಿ, 1934ರ ವಿಷ್ಣುಭಕ್ತಿ ಚಿತ್ರದಲ್ಲಿ ಅಕ್ಕನ ನೆರವಿನಿಂದ ಅಮೀರಬಾಯಿಯವರಿಗೆ ಒಂದು ಪಾತ್ರ ದೊರೆಯಿತು. ಅದೇ ವರ್ಷ ನಮ್ಮ ಕನ್ನಡದ ಮೊದಲ ಬೋಲಪಟ ಸತಿ ಸುಲೋಚನಾ ಕೂಡ ತೆರೆಗೆ ಬಂತು. ಆದರೆ ಅದನ್ನು ತೆಗೆದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಕನ್ನಡ ಮಾತನಾಡುವ ಚಿತ್ರವೇ ಕೃಷ್ಣೆಯನ್ನು ದಾಟಿ ಹೋಗಬೇಕಾಗಿದ್ದ ಕಾಲದಲ್ಲಿ ಹಾಡುವ ಕನ್ನಡತಿಯೊಬ್ಬಳು ಮುಂಬಯಿಗೆ ಹೋದದ್ದರಲ್ಲಿ ಆಶ್ಚರ್ಯವೇನು? ಅವರು ಕನ್ನಡದಲ್ಲಿ ಹಾಡಿದ್ದು ಕಡಿಮೆ ಎಂದು ದೂರುವವರು ಈ ಮಾತನ್ನು ನೆನೆಯಬೇಕು.

ಮುಂಬಯಿ ಅವರನ್ನು ಕೂಡಲೇ ಕೈಹಿಡಿಯಲಿಲ್ಲ. ಎಂಟೊಂಬತ್ತು ವರ್ಷ ಸಣ್ಣಪುಟ್ಟ ಪಾತ್ರಗಳು, ಸಣ್ಣಪುಟ್ಟ ಹಾಡುಗಳು. ಆ ದಿನಗಳಲ್ಲಿ ಗ್ರಾಮಾಫೋನ್ ತಟ್ಟೆಯೇ ಅವರ ಆಸರೆ. ಎಚ್.ಎಂ.ವಿ. ಕಂಪನಿ ಅವರಿಂದ ಹಾಡಿಸಿದ ಒಂದು ಕವ್ವಾಲಿ ಜನಪ್ರಿಯವಾಯಿತು. ಈಗಿನ ವಿದ್ಯಾರ್ಥಿಗಳಿಗೆ ಆ ತಟ್ಟೆಯ ಪರಿಚಯ ಇರಲಾರದು. ಅರಗು ಬೆರೆಸಿ ಮಾಡಿದ ಕರಿಯ ತಟ್ಟೆ. ಕೈಜಾರಿ ಬಿದ್ದರೆ ಹೋಳು. ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುತ್ತದೆ. ಇಡೀ ರಾತ್ರಿ ಹಾಡುವ ಮೇಳದಿಂದ ಬಂದವರು ತಮ್ಮ ವಿದ್ಯೆಯನ್ನೆಲ್ಲ ಮೂರು ನಿಮಿಷದಲ್ಲಿ ಇಡಬೇಕು. ಹಾಡುವವರೂ ನುಡಿಸುವವರೂ ಕೂಡಿಯೇ ನಿಂತು ಒಂದೇ ಉಸಿರಿನಲ್ಲಿ ಮುಗಿಸಬೇಕು. ತಬಲಾದವನು ಒಂದು ಪೆಟ್ಟು ತಪ್ಪಿದರೂ ಮತ್ತೆ ಮೊದಲಿನಿಂದ. ತಪ್ಪಿದ ಎಳೆಯನ್ನು ಮಾತ್ರ ಬಿಡಿಸಿ ಗಂಟು ಹಾಕುವ ಸೌಲಭ್ಯ ನಮ್ಮ ಮಗ್ಗಕ್ಕುಂಟು. ಆ ತಟ್ಟೆಗೆ ಇರಲಿಲ್ಲ. ಅಮೀರಬಾಯಿಯವರ ಹಾಡುಗಳಲ್ಲಿ ಒಂದು ಅಕ್ಷರವೂ ಸಡಿಲವಾಗಿ ಬೀಳದಿರುವುದಕ್ಕೆ ಈ ಕಠಿಣ ಶಿಸ್ತೇ ಕಾರಣವಿರಬೇಕೆಂದು ನನಗೆ ತೋರುತ್ತದೆ.

1943ನೆಯ ಇಸವಿ ಅವರ ಬಾಳಿನ ಬಾಗಿಲನ್ನು ತೆರೆಯಿತು. ಬಾಂಬೇ ಟಾಕೀಸಿನವರು ಜ್ಞಾನ ಮುಖರ್ಜಿಯವರ ನಿರ್ದೇಶನದಲ್ಲಿ ಕಿಸ್ಮತ್ ಚಿತ್ರವನ್ನು ತಯಾರಿಸಿದರು. ನಾಯಕ ಅಶೋಕಕುಮಾರ, ನಾಯಕಿ ಮುಮ್ತಾಜ್ ಶಾಂತಿ, ಸಂಗೀತ ಅನಿಲ ಬಿಸ್ವಾಸರದು, ಹಾಡುಗಳು ಕವಿ ಪ್ರದೀಪರವು. ನಾಯಕಿಯ ಹಾಡುಗಳಿಗೆ ಅಮೀರಬಾಯಿಯವರ ಕಂಠ. ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಆ ಚಿತ್ರ ಮೂರು ವರ್ಷಗಳಿಗೂ ಮಿಕ್ಕಿ ಓಡಿತು. ಒಂದು ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರವೆಂಬ ಕೀರ್ತಿಯೂ ಅದಕ್ಕೆ ಸಂದಿತು.

ಅದರಲ್ಲಿ ಒಂದು ದೀಪಾವಳಿಯ ಹಾಡಿದೆ. ಊರೆಲ್ಲ ಹಬ್ಬದ ಬೆಳಕಿನಲ್ಲಿರುವಾಗ ದುಃಖದಲ್ಲಿ ಒಂಟಿಯಾದವಳ ಹಾಡು. ಇನ್ನೊಂದು ಮೋಡವನ್ನು ಕುರಿತದ್ದು, ಜೋಗುಳದಷ್ಟು ಮೃದುವಾದದ್ದು. ಮೂರನೆಯದು ಇವೆರಡರಂತಲ್ಲ. 1942ರ ಆಗಸ್ಟಿನಲ್ಲಿ ಗಾಂಧೀಜಿಯವರು ಇಂಗ್ಲಿಷರಿಗೆ ಭಾರತ ಬಿಟ್ಟು ತೊಲಗಿರೆಂದು ಕರೆಯಿತ್ತಿದ್ದರು. ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಆರು ತಿಂಗಳೂ ತುಂಬುವ ಮೊದಲೇ ತೆರೆಗೆ ಬಂದ ಈ ಚಿತ್ರದಲ್ಲಿ, ಪರರು ಈ ನಾಡಿನಿಂದ ದೂರ ಸರಿಯಲಿ ಎಂಬ ಅರ್ಥದ ಹಾಡೊಂದನ್ನು ಅಮೀರಬಾಯಿಯವರೂ ಖಾನ್ ಮಸ್ತಾನರೂ ಹಾಡಿದ್ದರು. ಹಾಡಿನಲ್ಲಿ ಯುದ್ಧದ ವೈರಿಗಳಾದ ಜರ್ಮನಿ, ಜಪಾನುಗಳ ಹೆಸರಿದ್ದುದರಿಂದ ಸರಕಾರದ ಪರಿವೀಕ್ಷಕರು ಅದನ್ನು ಬಿಟ್ಟರು. ಜನರಿಗೆ ಮಾತ್ರ ಒಳಗಿನ ಅರ್ಥ ತಿಳಿಯಿತು. ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಕೇಳಿದರೆಂದು ಪ್ರಸಿದ್ಧಿ. ಸರಕಾರಕ್ಕೆ ಅರ್ಥವಾದಾಗ ಕವಿ ಪ್ರದೀಪರು ತಲೆಮರೆಸಿಕೊಳ್ಳಬೇಕಾಯಿತಂತೆ. ಸ್ವಾತಂತ್ರ್ಯದ ಹೋರಾಟದಲ್ಲಿ ನಮ್ಮ ಸೀಮೆಯವರು ಏನು ಮಾಡಿದರೆಂದು ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಾವು ಅನೇಕ ಹೆಸರುಗಳನ್ನು ಬರೆಯುತ್ತೇವೆ. ಬೀಳಗಿಯ ಈ ಕಂಠವನ್ನೂ ಆ ಉತ್ತರದಲ್ಲಿ ಸೇರಿಸಬೇಕೆಂಬುದು ನನ್ನ ವಿನಂತಿ.

ಇಲ್ಲಿ ಒಂದು ಮಾತು. ಕಿಸ್ಮತ್ ನೋಡಿದವರು ಕಂಡದ್ದು ಮುಮ್ತಾಜ್ ಶಾಂತಿಯ ಮುಖವನ್ನು; ಕೇಳಿದ್ದು ಅಮೀರಬಾಯಿಯ ದನಿಯನ್ನು. ಆ ಕಾಲದ ಅನೇಕ ತಟ್ಟೆಗಳ ಮೇಲೆ ಹಾಡಿದವರ ಹೆಸರು ಕೂಡ ಇರುತ್ತಿರಲಿಲ್ಲ. ಚಿತ್ರದ ಪಾತ್ರದ ಹೆಸರನ್ನೇ ಅಚ್ಚು ಹಾಕಿಬಿಡುತ್ತಿದ್ದರು. ಸೀರೆಯನ್ನು ಉಟ್ಟವರನ್ನು ಲೋಕ ನೋಡುತ್ತದೆ. ಅಂಗಡಿಯ ಹೆಸರನ್ನೂ ಕೇಳುತ್ತದೆ. ನೇಯ್ದವರ ಹೆಸರನ್ನು ಕೇಳುವುದಿಲ್ಲ. ನೇಕಾರರ ಮಗಳಾದ ನನಗೆ ಇದು ಹೊಸ ಸಂಗತಿಯಲ್ಲ.

ಕಿಸ್ಮತ್ತಿನ ನಂತರ ಅಮೀರಬಾಯಿಯವರಿಗೆ ಬಿಡುವಿರಲಿಲ್ಲ. 1944ರಲ್ಲಿ ಭರ್ತೃಹರಿ ಚಿತ್ರಕ್ಕಾಗಿ ಖೇಮಚಂದ್ ಪ್ರಕಾಶರ ಸಂಗೀತದಲ್ಲಿ ಸುರೇಂದ್ರರ ಜೊತೆ ಹಾಡಿದರು. ಅರಸನು ಜೋಗಿಯಾಗಿ ತನ್ನ ರಾಣಿ ಪಿಂಗಳೆಯ ಬಾಗಿಲಿಗೆ ಭಿಕ್ಷಕ್ಕೆ ಬರುವ ಸಂದರ್ಭದ ಆ ಯುಗಳಗೀತೆಯಲ್ಲಿ ರಾಣಿಯ ನೋವು ಒಂದೊಂದು ಸ್ವರದಲ್ಲಿಯೂ ತುಂಬಿ ಬಂದಿದೆ. ಅದೇ ವರ್ಷದ ರತನ್ ಚಿತ್ರದಲ್ಲಿ ನೌಶಾದರು ಅವರಿಂದ ಹಾಡಿಸಿದರು. 1947ರ ಶಹನಾಯಿಯಲ್ಲಿ ಸಿ. ರಾಮಚಂದ್ರರು ಹಾಡಿಸಿದರು. ಹಿಂದಿಯಲ್ಲಿ ಮಾತ್ರವಲ್ಲ, ಮರಾಠಿ ಮತ್ತು ಗುಜರಾತಿಯಲ್ಲಿಯೂ ಅವರ ಕಂಠ ಮೊಳಗಿತು. ನರಸಿ ಮೆಹತಾರ ವೈಷ್ಣವ ಭಜನೆಯನ್ನು ಅವರು ಹಾಡಿದ್ದರು. ಅದು ಗಾಂಧೀಜಿಯವರಿಗೆ ಅತ್ಯಂತ ಪ್ರಿಯವಾದ ಭಜನೆಯೆಂಬುದು ಎಲ್ಲರಿಗೂ ಗೊತ್ತಿದೆ. 1948ರಲ್ಲಿ ಶಹನಾಜ್ ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿಯಾದರು. ಅವರಿಗಿಂತ ಮೊದಲು ಜದ್ದನ್‌ಬಾಯಿ, ಸರಸ್ವತೀದೇವಿಯವರಂಥ ಬೆರಳೆಣಿಕೆಯ ಹೆಂಗಸರು ಮಾತ್ರ ಆ ಸ್ಥಾನದಲ್ಲಿ ಕುಳಿತಿದ್ದರು. ಇಂದಿಗೂ ಆ ಸ್ಥಾನದಲ್ಲಿ ಹೆಂಗಸರು ಕಡಿಮೆಯೇ ಎಂಬುದನ್ನು ನೆನೆದರೆ ಈ ಸಾಹಸದ ಅಳತೆ ತಿಳಿಯುತ್ತದೆ.

ಕೀರ್ತಿ ಬಂದ ಮನೆಗೆ ಸುಖ ಬರಲೇಬೇಕೆಂಬ ನಿಯಮವಿಲ್ಲ. ಅವರ ಮೊದಲ ಪತಿ ಹಿಮಾಲಯವಾಲಾ ಎಂಬ ಹೆಸರಿನ ನಟರು. ಖಳನ ಪಾತ್ರಗಳಿಗೆ ಹೆಸರಾದವರು. ಆ ದಾಂಪತ್ಯ ನೋವಿನದಾಯಿತು. ಲೋಕವನ್ನೆಲ್ಲ ಹಾಡಿನಿಂದ ಸಂತೈಸಿದ ಹೆಣ್ಣು ತನ್ನ ಮನೆಯಲ್ಲಿ ಪೆಟ್ಟು ತಿನ್ನಬೇಕಾಯಿತು. ಕೊನೆಗೆ ಅವರು ಆ ಬಂಧನದಿಂದ ಬಿಡಿಸಿಕೊಂಡರು. ದೇಶ ಒಡೆದಾಗ ಆ ನಟರು ಪಾಕಿಸ್ತಾನದ ಹಾದಿ ಹಿಡಿದರು. ಅಮೀರಬಾಯಿಯವರು ಇಲ್ಲಿಯೇ ಉಳಿದರು. ಆ ಕಾಲದಲ್ಲಿ ನೂರಜಹಾನರಂಥ ದೊಡ್ಡ ಕಲಾವಿದರು ಆ ಕಡೆಗೆ ಹೊರಟುಹೋದರೆಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಮುಂದೆ ಪತ್ರಿಕೋದ್ಯಮಿಗಳಾದ ಬದ್ರಿ ಕಾಂಚವಾಲಾ ಅವರೊಡನೆ ನಡೆದ ಎರಡನೆಯ ಮದುವೆ ನೆಮ್ಮದಿಯನ್ನು ತಂದಿತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1949ರಲ್ಲಿ ಮಹಲ್, ಬರಸಾತ್ ಚಿತ್ರಗಳು ಬಂದವು. ಲತಾ ಮಂಗೇಶಕರರ ತೆಳುವಾದ, ಎತ್ತರಕ್ಕೆ ಏರುವ ಹೊಸ ಕಂಠ ದೇಶವನ್ನು ಗೆದ್ದಿತು. ತುಂಬುಕಂಠದ ಹಳೆಯ ಗಾಯಕಿಯರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. 1950ರ ಸಮಾಧಿ ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತದಲ್ಲಿ ಒಂದು ತುಂಟ ಹಾಡಿದೆ, ಪಾಶ್ಚಾತ್ಯ ಧಾಟಿಯದು. ಅದರಲ್ಲಿ ಲತಾ ಮತ್ತು ಅಮೀರಬಾಯಿ ಇಬ್ಬರೂ ಹಾಡಿದ್ದಾರೆ. ನಮ್ಮ ಗ್ರಂಥಾಲಯದ ಮೂಲೆಯಲ್ಲಿ ಕುಳಿತು, ಮೊಬೈಲಿಗೆ ಕಿವಿಸುರುಳಿ ಹಚ್ಚಿಕೊಂಡು, ಅದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಲತಾ ಆಗ ಇಪ್ಪತ್ತು ದಾಟಿದ ಹುಡುಗಿ, ಹೆಚ್ಚುಕಡಿಮೆ ನನ್ನ ವಯಸ್ಸು. ಹೋಗುತ್ತಿರುವ ಕಾಲ ಬರುತ್ತಿರುವ ಕಾಲಕ್ಕೆ ಕೈಯಲ್ಲಿಯ ಲಾಳಿಯನ್ನು ಕೊಟ್ಟಂತೆ ನನಗೆ ಕೇಳಿಸುತ್ತದೆ. ಆ ಹಾಡಿನಲ್ಲಿ ಅಮೀರಬಾಯಿಯವರ ದನಿಯಲ್ಲಿ ಹೊಟ್ಟೆಕಿಚ್ಚಿನ ಸುಳಿವಿಲ್ಲ, ನಗೆಯಿದೆ.

ಆಮೇಲೆ ಹಾಡುಗಳು ಕಡಿಮೆಯಾದವು. ಅವರು ಮತ್ತೆ ನಟನೆಗೆ ಮರಳಿ ಪೋಷಕಪಾತ್ರಗಳನ್ನು ವಹಿಸಿದರು. ನಾಯಕಿಯ ದನಿಯಾಗಿದ್ದವರು ಚಿತ್ರದ ಮೂಲೆಯಲ್ಲಿ ನಿಲ್ಲುವುದಕ್ಕೆ ನಾಚಲಿಲ್ಲ, ದುಡಿಮೆಯಲ್ಲಿ ಮೇಲುಕೀಳೆಣಿಸಲಿಲ್ಲ. ತವರು ಜಿಲ್ಲೆಯನ್ನೂ ಮರೆಯಲಿಲ್ಲ. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎದ್ದು ನಿಂತಿತು. ಪಾರ್ಶ್ವವಾಯು ಬಡಿದು, ಕೆಲವೇ ದಿನಗಳಲ್ಲಿ, 1965ರ ಮಾರ್ಚ್ 3ನೆಯ ತಾರೀಖಿನಂದು ಅವರು ಕಾಲವಶರಾದರು.

ಈಗ ಅವರ ಹೆಸರಿನ ಮಾತಿಗೆ ಬರುತ್ತೇನೆ. ಅಕ್ಕತಂಗಿಯರಿಬ್ಬರೂ ತಮ್ಮ ಹೆಸರಿನ ಮುಂದೆ ಕರ್ನಾಟಕಿ ಎಂದು ಸೇರಿಸಿಕೊಂಡರು. ಅದು ಯಾವ ಕಾಲ? 1930ರ, 1940ರ ದಶಕಗಳಲ್ಲಿ ಭೂಪಟವನ್ನು ಹರಡಿ ನೋಡಿದರೆ ಕರ್ನಾಟಕವೆಂಬ ಪ್ರಾಂತವೇ ಕಾಣುತ್ತಿರಲಿಲ್ಲ. ಮುಂಬಯಿ ಪ್ರಾಂತವಿತ್ತು, ಮದ್ರಾಸವಿತ್ತು, ನಿಜಾಮನ ಹೈದರಾಬಾದವಿತ್ತು, ಮೈಸೂರಿತ್ತು, ಕೊಡಗಿತ್ತು, ಜಮಖಂಡಿ ಮುಧೋಳದಂಥ ಸಂಸ್ಥಾನಗಳಿದ್ದವು. ಕರ್ನಾಟಕವು ಆಲೂರು ವೆಂಕಟರಾಯರಂಥ ಹಿರಿಯರ ಬರವಣಿಗೆಯಲ್ಲಿತ್ತು, ಧಾರವಾಡದ ಸಭೆಗಳಲ್ಲಿತ್ತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಆಗಲೂ ಅದರ ಹೆಸರು ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅಮೀರಬಾಯಿಯವರು ತೀರಿಕೊಂಡು ಎಂಟು ವರ್ಷಗಳ ನಂತರ. ನಾಡಿಗೆ ಸರಕಾರ ಹೆಸರಿಡುವ ಎಷ್ಟೋ ಮೊದಲು ಈ ಹೆಣ್ಣುಮಕ್ಕಳು ಆ ಹೆಸರನ್ನು ತಮ್ಮ ಹೆಸರಾಗಿ ಮಾಡಿಕೊಂಡು, ಲಾಹೋರಿನಿಂದ ಕಲಕತ್ತೆಯವರೆಗೆ ತಟ್ಟೆ ತಿರುಗುವಲ್ಲೆಲ್ಲ ಮುಟ್ಟಿಸಿದರು. ನಾಡು ಅವರನ್ನು ತನ್ನವರೆಂದು ಹೇಳಿಕೊಳ್ಳುವ ಮೊದಲೇ ಅವರು ನಾಡನ್ನು ತಮ್ಮದೆಂದು ಹೇಳಿಕೊಂಡಿದ್ದರು. ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕೃಷ್ಣನ ಭಜನೆ ಹಾಡಿ, ಹಿಂದಿಯಲ್ಲಿ ಬಾಳು ಕಟ್ಟಿಕೊಂಡು, ಹೆಸರಿನಲ್ಲಿ ಕರ್ನಾಟಕವನ್ನಿಟ್ಟುಕೊಂಡ ಬಾಳು ಅದು. ನಾಡಭಕ್ತಿಯ ಭಾಷಣಗಳನ್ನು ಕೇಳುವಾಗ ನನಗೆ ಇದು ನೆನಪಾಗುತ್ತದೆ.

ಕಳೆದ ದೀಪಾವಳಿಯ ಸೂಟಿಯಲ್ಲಿ ಅವ್ವನನ್ನು ಕರೆದುಕೊಂಡು ಜಮಖಂಡಿಯ ಮೇಲೆ ಬೀಳಗಿಗೆ ಹೋಗಿದ್ದೆ. ಅರೆತ್ತಿನ ಬಾವಿಯನ್ನು ನೋಡಿದೆವು. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ವಯಸ್ಸಿನ ನಾಲ್ವರನ್ನು ಅಮೀರಬಾಯಿಯವರ ಬಗ್ಗೆ ಕೇಳಿದೆ. ಯಾರೂ ಆ ಹೆಸರನ್ನು ಕೇಳಿರಲಿಲ್ಲ. ಚಹಾದಂಗಡಿಯಲ್ಲಿ ಕುಳಿತಿದ್ದ ಒಬ್ಬ ಮುದುಕರಿಗೆ ಮಾತ್ರ ಗೊತ್ತಿತ್ತು. ಅವರು ಮೊದಲು ಸುತ್ತಲೂ ನೋಡಿ, ಅವರು ಹಾಡುವ ಮಂದಿ ಎಂದು ಮೆಲ್ಲಗೆ ಹೇಳಿದರು. ಬಳಿಕ ಸ್ವಲ್ಪ ಹೊತ್ತು ಬಿಟ್ಟು, ತಮ್ಮಷ್ಟಕ್ಕೆ ತಾವೇ, ಆ ಮೋಡದ ಹಾಡಿನ ಧಾಟಿಯನ್ನು ಗುನುಗಿದರು. ಶಬ್ದಗಳು ಅವರಿಗೆ ನೆನಪಿರಲಿಲ್ಲ. ಧಾಟಿ ಮಾತ್ರ ಒಂದಿಷ್ಟೂ ತಪ್ಪಲಿಲ್ಲ. ನಾಚಿಕೆ, ಹೆಮ್ಮೆ ಎರಡೂ ಒಂದೇ ಎದೆಯಲ್ಲಿರುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ನಮ್ಮ ಮನೆಯ ಪ್ರಶ್ನೆ ನಮ್ಮ ಮನೆಯದೊಂದೇ ಅಲ್ಲವೆಂದು ತಿಳಿಯಿತು. ಮರಳಿ ಬರುವಾಗ ಅವ್ವ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ, ತಾನೂ ಮದುವೆಯ ಮೊದಲು ಬೀಸುವ ಪದಗಳನ್ನು ಓಣಿಗೆಲ್ಲ ಕೇಳುವಂತೆ ಹಾಡುತ್ತಿದ್ದುದಾಗಿ ಹೇಳಿದಳು. ಇಪ್ಪತ್ತು ವರ್ಷದಲ್ಲಿ ನನಗೆ ಅದು ಗೊತ್ತೇ ಇರಲಿಲ್ಲ.

ಈ ಲೇಖನವನ್ನು ಬರೆದು ಮುಗಿಸಿದ ದಿನ ರಬಕವಿಯಲ್ಲಿ ಕರೆಂಟು ಹೋಗಿತ್ತು. ಮಗ್ಗಗಳೆಲ್ಲ ನಿಂತು ಓಣಿ ಶಾಂತವಾಗಿತ್ತು. ತಂದೆಯವರು ಕಟ್ಟೆಯ ಮೇಲೆ ಕುಳಿತಿದ್ದರು. ಅವರಿಗೆ ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಸಮ್ಮೇಳನದ ಮಾತು ಬಂದಲ್ಲಿಯೂ ಬಿಡದೆ ಓದಿದೆ. ಅವರು ಮಧ್ಯದಲ್ಲಿ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ, ಅಜ್ಜ ಆ ದನಿ ಬಂದರೆ ಮಗ್ಗ ಹಚ್ಚುವುದಕ್ಕೂ ಬಿಡುತ್ತಿರಲಿಲ್ಲವೆಂದು ನೆನಪು ಮಾಡಿಕೊಂಡರು. ಬರುವ ಸಮ್ಮೇಳನದಲ್ಲಿ ಹಾಡಲೇ ಎಂದು ಕೇಳಿದೆ. ಪರೀಕ್ಷೆ ಯಾವಾಗ ಎಂದು ಅವರು ಮರಳಿ ಕೇಳಿದರು. ಬೇಡವೆಂದು ಮಾತ್ರ ಅನ್ನಲಿಲ್ಲ.

ಸಹಪಾಠಿ ಬಂಧುಭಗಿನಿಯರಲ್ಲಿ ನನ್ನದೊಂದು ಬಿನ್ನಹ. ಈ ರಾತ್ರಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ಅಮೀರಬಾಯಿಯವರ ಒಂದು ಹಾಡನ್ನು ಕೇಳಿರಿ. ಸಾಧ್ಯವಾದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿರಿ. ಗುರುಗಳಲ್ಲಿಯೂ ಒಂದು ಪ್ರಾರ್ಥನೆ. ನಮ್ಮ ಸಮ್ಮೇಳನದ ಗಾಯನ ಸ್ಪರ್ಧೆಗೆ ಅವರ ಹೆಸರನ್ನಿಡುವುದು ಸಾಧ್ಯವೇ ಎಂದು ವಿಚಾರ ಮಾಡಬೇಕು. ದುಡ್ಡು ಖರ್ಚಾಗದ ಕೆಲಸವದು. ನಾಡಿನ ಹೆಸರನ್ನು ಬಾಳಿನುದ್ದಕ್ಕೂ ಹೊತ್ತವರ ಹೆಸರನ್ನು ನಾವು ವರ್ಷಕ್ಕೊಂದು ದಿನವಾದರೂ ದನಿ ತಗ್ಗಿಸದೆ ಹೇಳಿದಂತಾಗುತ್ತದೆ.

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ